ಹೆಲ್ಮೆಟ್ಟಿನ ಮೇಲೆ ಎರಡು ತಟ್ಟು

ಯುದ್ಧವಿಮಾನ ಹಾರಿಸಲು ಕಲಿಸುವ ಸ್ಕ್ವಾಡ್ರನ್ನಿನಲ್ಲಿ ನಾನು ಮೆಕ್ಯಾನಿಕ್ ಆಗಿದ್ದೆ. ಕಲಿಯಲು ಬಂದ ಹುಡುಗನನ್ನು ಸೀಟಿಗೆ ಬೆಲ್ಟಿನಿಂದ ಬಿಗಿದು, ಅವನ ಹೆಲ್ಮೆಟ್ಟಿನ ಮೇಲೆ ಎರಡು ಸಲ ತಟ್ಟುತ್ತಿದ್ದೆವು. ಎಲ್ಲ ಸರಿಯಿದೆ, ಹೊರಡು ಎಂದು ಅದರರ್ಥ. ತಟ್ಟಿಸಿಕೊಳ್ಳದೆ ಯಾರೂ ಹೊರಡುತ್ತಿರಲಿಲ್ಲ. ನಾನು ತಟ್ಟಿ ಕಳಿಸಿದವರಲ್ಲಿ ಒಬ್ಬ ಮರಳಿ ಬರಲಿಲ್ಲ. ವಿಚಾರಣೆಗೆ ಬಂದವರು ನನ್ನ ಕೆಲಸದಲ್ಲಿ ಲೋಪವಿಲ್ಲ ಎಂದರು. ಅದು ನನಗೂ ಗೊತ್ತಿತ್ತು. ಮರುದಿನ ಇನ್ನೊಬ್ಬನ ಹೆಲ್ಮೆಟ್ ತಟ್ಟಿದೆ.

ನಿವೃತ್ತನಾಗಿ ಈಗ ಬೇವೂರಿನ ಮನೆಯಲ್ಲಿದ್ದೇನೆ. ಮೊನ್ನೆ ಬೆಳಿಗ್ಗೆ ಸ್ಕ್ವಾಡ್ರನ್ನಿನ ಇತಿಹಾಸ ಬರೆಯುತ್ತಿರುವ ತರುಣ ಅಧಿಕಾರಿಯೊಬ್ಬ ಫೋನ್ ಮಾಡಿದ. ಹಳೆಯ ವಿಮಾನಗಳು ಹೋಗಿ ಹೊಸವು ಯಾವಾಗ ಬಂದವು ಎಂದು ಕೇಳಿದ. ಹೇಳಿದೆ. ಏನಾದರೂ ಸ್ವಾರಸ್ಯದ ಪ್ರಸಂಗ ಬೇಕೆಂದ. ಮೊದಲ ಹಾರಾಟದಲ್ಲಿ ವಾಂತಿ ಮಾಡಿಕೊಂಡವರ ಕಥೆ ಹೇಳಿದೆ. ಬಹಳ ನಕ್ಕ.

ಫೋನಿಟ್ಟ ಮೇಲೆ ಹೆಂಡತಿ, “ಆ ಹುಡುಗನ ಸುದ್ದಿ ಹೇಳಿದ್ರೇನ್ರಿ?” ಎಂದಳು.

“ಅಂವ ಕೇಳಲಿಲ್ಲ,” ಎಂದೆ.

ಅಷ್ಟರಲ್ಲಿ ಮಗ ಗಿಣಿಗೇರಾದ ಉಕ್ಕಿನ ಕಾರ್ಖಾನೆಗೆ ಹೊರಟು ಬೈಕ್ ಏರಿದ. ನನ್ನ ಹಳೆಯ ಪದ್ಧತಿ ಅವನಿಗೆ ಚಿಕ್ಕಂದಿನಿಂದಲೂ ತಮಾಷೆ. ದಿನವೂ ಹೆಲ್ಮೆಟ್ ಹಾಕಿಕೊಂಡು ತಲೆ ಬಾಗಿಸುತ್ತಾನೆ, ದಿನವೂ ತಟ್ಟುತ್ತೇನೆ. ನನಗೆ ಏನೂ ಅನಿಸುವುದಿಲ್ಲ.

“ತಟ್ರಿ ಅಪ್ಪಾ, ಹೊತ್ತಾತು,” ಎಂದ.

ನಾನು ಬ್ರೇಕ್ ಹಿಡಿದು ನೋಡಿದೆ. ಬಗ್ಗಿ ಗಾಲಿ ಒತ್ತಿ ನೋಡಿದೆ.

“ಗಾಳಿ ಕಡಿಮಿ ಐತಿ. ಇವತ್ತ ಬಸ್ಸಿಗೆ ಹೋಗು,” ಎಂದೆ.

ಗಾಳಿ ಸರಿಯಾಗಿಯೇ ಇತ್ತು.