ಪಂಪಿಗೆ ಹಣೆ ಇಡುವ ವೆಂಕಪ್ಪಣ್ಣ

"ಅಮ್ಮ, ವೆಂಕಪ್ಪಜ್ಜ ಪಂಪಿಗೆ ಯಾಕೆ ಹಣೆ ಇಡುದು? ಅದೆಂತ ದೇವರಾ?"

ಶಾಲೆಗೆ ರಜೆಯೆಂದು ಲಾಡ್ಜಿಗೆ ಜೊತೆಯಲ್ಲಿ ಬಂದಿದ್ದ ಮಗಳು ಮೋಕ್ಷಿತಾ ಕೇಳಿದಾಗ ಕುಮುದಿನಿಗೆ ನಗು ಬಂತು. ಸುಬ್ರಹ್ಮಣ್ಯದ ಆ ಲಾಡ್ಜಿನ ಆಫೀಸಿನ ಕೆಲಸಕ್ಕೆ ಕೂತು ಅವಳೂ ಅದನ್ನು ಎಷ್ಟೋ ಸಲ ನೋಡಿದ್ದಳು. ಬೆಳಗಿನ ಮಂಜು ಇನ್ನೂ ಕರಗದ ಹೊತ್ತಿಗೆ, ಕೊಲ್ಲಮೊಗ್ರಿನಿಂದ ಮೊದಲ ಬಸ್ಸಿಗೆ ಬರುವ ಆ ಮೆಕ್ಯಾನಿಕ್ ಕಣ್ಣು ಮುಚ್ಚಿ ಪಂಪಿಗೆ ಹಣೆ ತಾಗಿಸಿ ನಿಂತರೆ, ನೆಲದಡಿಯ ನೀರು ಅವರಿಗೆ ಎಂತದೋ ಕತೆ ಹೇಳುತ್ತಿದೆ ಅನ್ನಿಸುತ್ತಿತ್ತು.

ಈ ವರ್ಷ ಲಾಡ್ಜಿನ ಧಣಿಗಳು ತಿಂಗಳ ಚಂದಾ ಕಟ್ಟಿ ಮೊಬೈಲಿಗೊಂದು ಆ್ಯಪ್ ಹಾಕಿಸಿದ್ದರು. ಯಾವ ಪಂಪಿಗೆ ಗ್ರೀಸು, ಯಾವಾಗ ಜನರೇಟರಿಗೆ ಆಯಿಲ್, ಎಲ್ಲ ಅದೇ ನೆನಪು ಮಾಡುತ್ತದೆ. "ನನ್ನ ತಲೆಯನ್ನೇ ಅದರೊಳಗೆ ತುಂಬಿಸಿದ್ದಾರೆ ಮಾರಾಯ್ತಿ" ಎಂದು ವೆಂಕಪ್ಪಣ್ಣ ನಕ್ಕಿದ್ದರು. ಆ್ಯಪ್ ಕೇಳುವ 'ಪಂಪಿನ ಶಬ್ದ ಹೇಗಿದೆ?' ಎಂಬಲ್ಲಿ ಮಾತ್ರ ಪ್ರತಿ ಸೋಮವಾರವೂ 'ಸರಿ' ಎಂದೇ ಒತ್ತುತ್ತಿದ್ದರು.

ಮೋಕ್ಷಿತಾ ಹಾಗೆ ಕೇಳಿದ ವಾರವೇ, ಆ್ಯಪ್ ಹೇಳಿದ ದಿನಕ್ಕೆ ದೊಡ್ಡ ಪಂಪು ಬಿಚ್ಚಿದರೆ ಬೇರಿಂಗು ಸವೆದೇ ಹೋಗಿತ್ತು. ಇನ್ನೆರಡು ದಿನ ಓಡಿದ್ದರೆ ಮೋಟರೇ ಸುಡುತ್ತಿತ್ತು.

"ಇಷ್ಟು ಸವೆದದ್ದು ಕಿರುಚದೆ ಇರ್ತದಾ ವೆಂಕಪ್ಪಣ್ಣ?" ಕುಮುದಿನಿ ಕೇಳಿದಳು.

ಅವರು ಕೈಯ ಗ್ರೀಸು ಒರೆಸಿಕೊಂಡರು.

"ಕಿರುಚಿರಬೇಕು. ಅಂಥ ಸಣ್ಣ ಶಬ್ದ ನನ್ನ ಕಿವಿಗೆ ಬೀಳದೆ ಒಂದು ವರ್ಷ ಆಯ್ತು. ಅದಕ್ಕೇ ಹಣೆ ಇಡುದು, ನಡುಕವಾದರೂ ಸಿಗ್ತದಲ್ಲ. ಈ ಸಲ ಅದೂ ಸಿಗ್ಲಿಲ್ಲ. ಗೊತ್ತಾದರೆ ಕೆಲಸ ಹೋಗ್ತದೆ ಅಂತ ಹೆದರಿಕೆ. ಇವತ್ತು ಧಣಿಗಳಿಗೆ ನಾನೇ ಹೇಳ್ತೇನೆ." ಮತ್ತೆ ಸಂಕೋಚದಿಂದ ಕುಮುದಿನಿಯ ಮುಖ ನೋಡಿದರು. "ಸೋಮವಾರ ಸೋಮವಾರ ಐದು ನಿಮಿಷ ನನ್ನ ಹತ್ತಿರ ಬಂದು ನಿಲ್ತೀಯಾ ಮಗಾ? ಪಂಪಿನ ಶಬ್ದ ಹೇಗೆ ಕೇಳ್ತದೆ ಅಂತ ನೀನು ಹೇಳಿದರೆ ಸಾಕು, ಉಳಿದದ್ದು ನನ್ನ ಕೈಗೆ ಗೊತ್ತುಂಟು."