ನಲ್ಲಿ ದುರಸ್ತಿಯಲ್ಲಿದೆ

ಕಮ್ಯುನಿಸ್ಟ್ ಬಲ್ಗೇರಿಯದ ಕಪ್ಪು ಸಮುದ್ರದ ದಂಡೆಯ ಆ ಪುಟ್ಟ ಊರಿನಲ್ಲಿ ಬೇಸಿಗೆ ಎಂದರೆ ಜ್ಲಾತಿನಾಳ ದನಿ. ಕಡಲ ನೀರು ಎಷ್ಟು ಬೆಚ್ಚಗಿದೆ, ಯಾರ ಮಗು ತಪ್ಪಿಸಿಕೊಂಡಿದೆ, ಎಲ್ಲವನ್ನೂ ಅವಳೇ ಪಟ್ಟಣ ಸಮಿತಿಯ ಧ್ವನಿವರ್ಧಕದಲ್ಲಿ ಹೇಳುತ್ತಿದ್ದಳು.

ಆ ಆಗಸ್ಟ್‌ನಲ್ಲಿ ಚರ್ಚಿನ ಹಿಂದಿನ ಕಲ್ಲುಕಟ್ಟೆಯ ನಲ್ಲಿಯ ನೀರು ಕುಡಿದ ಕೆಲವರಿಗೆ ಟೈಫಾಯ್ಡ್ ಬಂತು. ಪಟ್ಟಣ ಸಮಿತಿಯ ಕಂಬುರೋವ್ ಅವಳನ್ನು ಕರೆಸಿದ.

"ಟೈಫಾಯ್ಡ್ ಅಂದ್ರೆ ನಾಳೆನೇ ರಜೆಗೆ ಬಂದ ಜರ್ಮನಿಯವರು ಪೆಟ್ಟಿಗೆ ಕಟ್ತಾರೆ. ನಮ್ಮ ಟೊಮ್ಯಾಟೊ ಗಡೀಲೇ ಕೊಳೆಯುತ್ತೆ. ರಾಜಧಾನಿ ಸೋಫಿಯಾದ ಮೇಲಿನವರು ರೋಗ ಹೇಗೆ ಬಂತು ಅಂತ ಕೇಳಲ್ಲ, ಯಾರು ಬಾಯಿಬಿಟ್ರು ಅಂತ ಕೇಳ್ತಾರೆ. ಸೀಸನ್ ಮುಗೀಲಿ."

"ಜನ ಆ ನೀರು ಕುಡಿದ್ರೆ, ಕಾಮ್ರೇಡ್?"

"ನಲ್ಲಿ ದುರಸ್ತಿ ಅಂತ ಹೇಳಮ್ಮ. ಯಾರು ಕುಡೀತಾರೆ?"

ಅವಳಿಗೂ ಸರಿಯೆನಿಸಿತು. ಅವಳ ಗಂಡ ಹೋಟೆಲಿನ ಅಡುಗೆಯವನು. ಊರು ವರ್ಷವಿಡೀ ತಿನ್ನುತ್ತಿದ್ದುದು ಬೇಸಿಗೆಯ ದುಡಿಮೆಯನ್ನೇ. ಅಂದೇ ಮಧ್ಯಾಹ್ನ ಪ್ರಕಟಣೆ ಓದಿದಳು.

ಸಂಜೆ ಬಿಸಿಲು ಇಳಿಯುವ ಮುನ್ನವೇ ಪಕ್ಕದ ಮನೆಯ ಮುದುಕಿ ದೆಸ್ಪಿನಾ ತುಂಬಿದ ಹೂಜಿ ಹೊತ್ತು ಬಂದಳು.

"ದುರಸ್ತಿ ಅಂದ್ಯಲ್ಲೇ, ನೀರು ಧೋ ಅಂತ ಬರ್ತಿದೆ!"

"ಬೋರ್ಡೂ ಹಾಕಿದಾರಲ್ಲ, ಅತ್ತೆ."

"ಅಂಚೆ ಕಚೇರಿ ಮೆಟ್ಟಿಲಿಗೂ ಹಾಕಿದಾರೆ, ವರ್ಷಗಟ್ಟಲೆ ಅದನ್ನೇ ಹತ್ತಿ ಇಳೀತಿದೀವಿ. ನನ್ನ ಮೊಣಕಾಲೂ ದುರಸ್ತೀಲೇ ಇದೆ, ನಡೀತಿಲ್ವಾ?"

ಜ್ಲಾತಿನಾ ನಕ್ಕಳು. ಹೇಳಿಬಿಡೋಣವೆಂದು ಮಾತು ತುಟಿಯವರೆಗೂ ಬಂತು. ದೆಸ್ಪಿನಾಗೆ ಹೇಳಿದರೆ ಕತ್ತಲಾಗುವುದರೊಳಗೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಹೇಳಿದವರು ಯಾರೆಂಬುದೂ ಗೊತ್ತಾಗುತ್ತಿತ್ತು.

"ಬಿಸಿಲಲ್ಲಿ ನಿಲ್ಲಬೇಡಿ ಅತ್ತೆ, ಒಳಗೆ ಹೋಗಿ," ಎಂದಳು.

ಸೀಸನ್ ಮುಗಿಯುವ ಹೊತ್ತಿಗೆ ದೆಸ್ಪಿನಾ ಜ್ವರದಿಂದ ಆಸ್ಪತ್ರೆ ಸೇರಿದ್ದಳು. ಸೋಂಕಿನ ವಾರ್ಡಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಜ್ಲಾತಿನಾ ಕಿಟಕಿಯ ಹೊರಗೆ ನಿಂತಳು. ಮುದುಕಿಯ ಕೆನ್ನೆ ಇಳಿದುಹೋಗಿತ್ತು.

"ತಪ್ಪು ನಂದೇ ಕಣೇ. ನೀನು ಹೇಳಿದ್ದೆ, ನಾನೇ ಕೇಳ್ಲಿಲ್ಲ. ನರ್ಸಮ್ಮನಿಗೂ ಹಾಗೇ ಅಂದೆ."

ಬೈದಿದ್ದರೆ ಜ್ಲಾತಿನಾ ತಡೆದುಕೊಳ್ಳುತ್ತಿದ್ದಳೇನೋ.

"ನಲ್ಲಿ ಕೆಟ್ಟಿರ್ಲಿಲ್ಲ ಅತ್ತೆ. ನೀರಲ್ಲೇ ರೋಗ ಇತ್ತು. ನಂಗೆ ಗೊತ್ತಿತ್ತು."

ದೆಸ್ಪಿನಾ ಅವಳನ್ನೇ ನೋಡಿದಳು.

"ನಿಮ್ಮನೇಲಿ ನೀರು ಕಾಯಿಸಿ ಕುಡೀತಿದ್ರಾ?"

"ಹ್ಞೂಂ."

ಮುದುಕಿ ಮೆಲ್ಲಗೆ ಗೋಡೆಯ ಕಡೆ ಹೊರಳಿದಳು.

ಅವಳು ಗುಣವಾಗಿ ಮನೆಗೆ ಬಂದಳು. ಬೇಲಿಯಾಚೆಯಿಂದ ಮೊದಲಿನ ಹಾಗೆಯೇ ಮಾತಾಡಿಸುತ್ತಾಳೆ. ಜ್ಲಾತಿನಾ ಧ್ವನಿವರ್ಧಕದ ಕೆಲಸ ಬಿಟ್ಟು ಹೋಟೆಲಿನ ಬಟ್ಟೆ ಒಗೆಯಲು ಸೇರಿದಳು. ಏಕೆಂದು ಕೇಳಿದವರಿಗೆ, ಗಂಟಲು ಸರಿಯಿಲ್ಲ ಎನ್ನುತ್ತಾಳೆ.