ಗೂಡಿಗೆ ಹಿಡಿಸದ ರೊಟ್ಟಿ

ನಾನು ಇಪ್ಪತ್ತನೆಯ ಖಡಕ್ ರೊಟ್ಟಿಯನ್ನು ಎರಡು ಹೋಳು ಮಾಡುತ್ತಿದ್ದಾಗ ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

ತಂಗಿಯ ಅತ್ತೆ ಮನೆಯವರು ಬ್ಯಾಡಗಿಯಿಂದ ಬರುತ್ತಾರೆಂದು ಅವ್ವ ಎರಡು ದಿನ ಒಲೆಯ ಮುಂದೆ ಕುಳಿತು ಬಡಿದ ರೊಟ್ಟಿಗಳವು. ಜಾಗ ಉಳಿಯಲೆಂದು ನಾನು ಮೊಬೈಲಿನಲ್ಲಿ ನೋಡಿ, ರಟ್ಟಿನ ಪೆಟ್ಟಿಗೆ ಕತ್ತರಿಸಿ, ರೊಟ್ಟಿಗಳನ್ನು ಪುಸ್ತಕದಂತೆ ನಿಲ್ಲಿಸಿಡುವ ಗೂಡು ಮಾಡಿದ್ದೆ. ಅಳತೆ ತೆಗೆದುಕೊಂಡಿದ್ದು ಮಾತ್ರ ಊಟದ ತಟ್ಟೆಯದು. ಅವ್ವನ ರೊಟ್ಟಿ ತಟ್ಟೆಗಿಂತ ದೊಡ್ಡದು. ನನ್ನ ಬುದ್ಧಿಗೆ ಹೊಳೆದ ಪರಿಹಾರ, ರೊಟ್ಟಿ ಮುರಿಯುವುದು.

“ಗೂಡು ಸಣ್ಣದಾದ್ರ ರೊಟ್ಟಿ ಯಾಕ ಮುರ್ಯಾಕತ್ತೀಯೋ?” ಎಂದಳು ಅವ್ವ. ಉಳಿದವನ್ನು ಹಳೆಯ ಸೀರೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಳು.

ಬೀಗರು ಇಡೀ ರೊಟ್ಟಿ ಉಂಡು, ಹೊಗಳಿ ಹೋದರು. ಹೋಳುಗಳು ಮಾತ್ರ ಇನ್ನೂ ಮುಗಿದಿಲ್ಲ. ಗೂಡು ಕಟ್ಟಿದವನೆಂಬ ಮರ್ಯಾದೆಗೆ ದಿನವೂ ನನ್ನ ತಟ್ಟೆಗೇ ಬೀಳುತ್ತಿವೆ. ತಟ್ಟೆಯ ಅಳತೆಗೆ ಸರಿಯಾಗಿವೆ.